ಸೇನೆಯ ಸರಪಳಿಯಲ್ಲಿ ಸಣ್ಣ ಕಾರ್ಖಾನೆಗಳು

ತೇಜಸ್ ಮಾರ್ಕ್-1ಎ ಯುದ್ಧವಿಮಾನವನ್ನು ಜೋಡಿಸಿ ವಾಯುಪಡೆಗೆ ಒಪ್ಪಿಸುವ ಹೊಣೆ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯದು, ಅಂದರೆ ಎಚ್‌ಎಎಲ್‌ನದು. ಆದರೆ ಅದರ ಒಡಲಿನ ಮುಂಭಾಗ ತಯಾರಾಗುವುದು ಬೆಂಗಳೂರಿನ ಡೈನಾಮ್ಯಾಟಿಕ್ ಟೆಕ್ನಾಲಜೀಸ್‌ನಲ್ಲಿ, ನಡುಭಾಗ ಹೈದರಾಬಾದಿನ ವೆಮ್ ಟೆಕ್ನಾಲಜೀಸ್‌ನಲ್ಲಿ, ಹಿಂಭಾಗ ಬೆಂಗಳೂರಿನ ಆಲ್ಫಾ ಸಮೂಹದಲ್ಲಿ, ರೆಕ್ಕೆಗಳು ಕೊಯಮತ್ತೂರಿನ ಎಲ್ ಅಂಡ್ ಟಿ ಘಟಕದಲ್ಲಿ. ಇವರೆಲ್ಲ ಮೊದಲ ಸಾಲಿನ ಪೂರೈಕೆದಾರರು. ಇವರ ಬೆನ್ನಿಗೆ ಎರಡನೆಯ ಸಾಲು, ಅದರ ಹಿಂದೆ ಮೂರನೆಯದು. ಅಲ್ಯೂಮಿನಿಯಂ ಗಟ್ಟಿಯಿಂದ ಬ್ರಾಕೆಟ್ ಕಡೆಯುವವರು, ಭಾಗಗಳಿಗೆ ಹೀಟ್ ಟ್ರೀಟ್‌ಮೆಂಟ್ ಕೊಡುವವರು, ಆನೊಡೈಸಿಂಗ್ ಮಾಡುವವರು, ಕೇಬಲ್ ಹೆಣೆಯುವವರು, ರಬ್ಬರ್ ಸೀಲ್ ಅಚ್ಚು ಹಾಕುವವರು, ಜಿಗ್ ಮತ್ತು ಫಿಕ್ಸ್‌ಚರ್ ಕಟ್ಟಿಕೊಡುವವರು. ಹತ್ತು, ಇಪ್ಪತ್ತು, ಐವತ್ತು ಮಂದಿ ಕೆಲಸಗಾರರ ಶೆಡ್ಡುಗಳಿವು. ರಕ್ಷಣಾ ಸಚಿವಾಲಯದ ಅಂದಾಜಿನಂತೆ ದೇಶದ ರಕ್ಷಣಾ ಉತ್ಪಾದನೆಗೆ ಸರಕು ಒದಗಿಸುವ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಘಟಕಗಳು ಸುಮಾರು 16,000. ಈ ಘಟಕಗಳಿಗೆ ಸರ್ಕಾರ ಏಕೆ ಹಣ ಕೊಡುತ್ತದೆ, ಯಾವ ದಾರಿಯಲ್ಲಿ ಕೊಡುತ್ತದೆ, ಆ ಹಣ ಎಲ್ಲಿ ಫಲ ಕೊಟ್ಟಿದೆ, ಎಲ್ಲಿ ಇಲ್ಲ ಎಂಬುದು ಕಳೆದ ಹತ್ತು ವರ್ಷಗಳಲ್ಲಿ ಭಾರತದ ರಕ್ಷಣಾ ನೀತಿಯ ದೊಡ್ಡ ಪ್ರಶ್ನೆಗಳಲ್ಲಿ ಒಂದಾಗಿ ಬೆಳೆದಿದೆ.

ಸರಪಳಿ ಎಲ್ಲಿ ತುಂಡಾಗುತ್ತದೆಂದು ತೋರಿಸಲು ತೇಜಸ್ಸಿನದೇ ಉದಾಹರಣೆ ಸಾಕು. ಅದರ ಎಫ್-404 ಎಂಜಿನ್ ಅಮೆರಿಕದ ಜಿಇ ಕಂಪನಿಯದು. ಮೊದಲ ಕಂತಿನ 65 ಎಂಜಿನ್‌ಗಳ ಪೂರೈಕೆ 2016ರ ಹೊತ್ತಿಗೆ ಮುಗಿಯಿತು. ಮುಂದಿನ ಬೇಡಿಕೆ ಕಾಣದ್ದರಿಂದ ಜಿಇ ಆ ಉತ್ಪಾದನಾ ಸಾಲನ್ನೇ ಮುಚ್ಚಿತು. 2021ರಲ್ಲಿ ಎಚ್‌ಎಎಲ್ ಇನ್ನೂ 99 ಎಂಜಿನ್ ಕೇಳಿದಾಗ ಅದಕ್ಕೆ ಬಿಡಿಭಾಗ ಕೊಡುತ್ತಿದ್ದವರೆಲ್ಲ ಬೇರೆ ಬೇರೆ ಕೆಲಸಗಳಿಗೆ ತಿರುಗಿಕೊಂಡಿದ್ದರು. ಐದು ವರ್ಷ ಮಲಗಿದ್ದ ಪೂರೈಕೆ ಜಾಲವನ್ನು ಎಬ್ಬಿಸಲು ಜಿಇಗೆ ವರ್ಷಗಳೇ ಹಿಡಿದವು. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ. 2024ರಲ್ಲೇ ವಾಯುಪಡೆಯ ಕೈಸೇರಬೇಕಿದ್ದ ವಿಮಾನಗಳು ಅಷ್ಟರಮಟ್ಟಿಗೆ ಹಿಂದೆ ಬಿದ್ದವು. ಜಗತ್ತಿನ ಅತಿ ದೊಡ್ಡ ಎಂಜಿನ್ ಕಂಪನಿಗಳಲ್ಲೊಂದಕ್ಕೆ ಹಣದ ಕೊರತೆಯಾಗಲಿ ತಂತ್ರಜ್ಞಾನದ ಕೊರತೆಯಾಗಲಿ ಇರಲಿಲ್ಲ. ಬೇಡಿಕೆ ನಿಂತಾಗ ಚದುರಿದ ಸಣ್ಣಪುಟ್ಟ ಪೂರೈಕೆದಾರರನ್ನು ಮತ್ತೆ ಕೂಡಿಸುವುದೇ ಅದರ ಕಷ್ಟವಾಗಿತ್ತು.

ಅಮೆರಿಕದಲ್ಲಿ ಇದಕ್ಕಿಂತ ಬೆಚ್ಚಿಬೀಳಿಸುವ ಪ್ರಸಂಗವೂ ನಡೆದಿದೆ. ಬಂದೂಕಿನ ಕರಿಮದ್ದು ಶತಮಾನಗಳ ಹಳೆಯ ವಸ್ತು. ಇಂದಿಗೂ ಹಲವು ಬಗೆಯ ಸೇನಾ ಮದ್ದುಗುಂಡುಗಳು ಹೊತ್ತಿಕೊಳ್ಳಲು ಅದೇ ಬೇಕು. ಅಷ್ಟು ದೊಡ್ಡ ದೇಶದಲ್ಲಿ ಅದನ್ನು ತಯಾರಿಸುತ್ತಿದ್ದುದು ಲೂಯಿಸಿಯಾನ ರಾಜ್ಯದ ಮಿಂಡನ್ ಬಳಿಯ ಒಂದೇ ಒಂದು ಕಾರ್ಖಾನೆ. 2021ರಲ್ಲಿ ಅಲ್ಲಿ ಸ್ಫೋಟವಾಗಿ ಉತ್ಪಾದನೆ ನಿಂತುಹೋಯಿತು. ಬೇರೊಬ್ಬರು ಅದನ್ನು ಕೊಂಡು ಮತ್ತೆ ನಡೆಸಲು ಮುಂದಾಗಬೇಕಾಯಿತು. ಅಲ್ಲಿನ ರಕ್ಷಣಾ ಇಲಾಖೆ 2022ರಲ್ಲಿ ಹೊರತಂದ ವರದಿಯ ಪ್ರಕಾರ 1990ರ ದಶಕದಲ್ಲಿ 51ರಷ್ಟಿದ್ದ ಮುಖ್ಯ ರಕ್ಷಣಾ ಗುತ್ತಿಗೆದಾರರು ವಿಲೀನಗಳ ನಂತರ ಐದಕ್ಕೆ ಇಳಿದಿದ್ದರು. ರಕ್ಷಣಾ ಉದ್ಯಮದಲ್ಲಿದ್ದ ಸಣ್ಣ ಸಂಸ್ಥೆಗಳ ಸಂಖ್ಯೆ ಒಂದು ದಶಕದಲ್ಲಿ ಶೇ 40ಕ್ಕೂ ಹೆಚ್ಚು ಕುಸಿದಿತ್ತು.

ಸಣ್ಣ ತಯಾರಕರಿಗೆ ಸರ್ಕಾರದ ಹಣ ಒದಗಿಸುವ ಕಾನೂನಿನ ಚೌಕಟ್ಟನ್ನು ಮೊದಲು ವಿಸ್ತಾರವಾಗಿ ಕಟ್ಟಿದ್ದೂ ಅಮೆರಿಕವೇ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಸಣ್ಣ ಕಾರ್ಖಾನೆಗಳಿಗೆ ಸಾಲ ಮತ್ತು ಯುದ್ಧದ ಕೆಲಸ ಕೊಡಿಸಲೆಂದೇ ಒಂದು ಸರ್ಕಾರಿ ನಿಗಮ ಹುಟ್ಟಿತು. ಕೊರಿಯಾ ಯುದ್ಧ ಶುರುವಾದಾಗ, 1950ರ ಸೆಪ್ಟೆಂಬರ್‌ನಲ್ಲಿ, ರಕ್ಷಣಾ ಉತ್ಪಾದನಾ ಕಾಯ್ದೆ ಬಂತು. ಈ ಕಾಯ್ದೆಯ ಮೂರನೆಯ ಅಧ್ಯಾಯವನ್ನು ಇವತ್ತಿಗೂ ಬಳಸುತ್ತಾರೆ. ಅದು ಸರ್ಕಾರಕ್ಕೆ ನೇರ ಅನುದಾನ ಮತ್ತು ಸಾಲ ಕೊಡುವ ಅಧಿಕಾರವನ್ನು ನೀಡುತ್ತದೆ. ಜೊತೆಗೆ, ತಯಾರಾದ ಸರಕನ್ನು ತಾನೇ ಕೊಳ್ಳುತ್ತೇನೆಂದು ಮುಂಗಡ ಖಾತರಿ ಕೊಡುವ ಅಧಿಕಾರವನ್ನೂ ನೀಡುತ್ತದೆ. 1950ರ ದಶಕದಲ್ಲಿ ಅಮೆರಿಕದ ಅಲ್ಯೂಮಿನಿಯಂ ಮತ್ತು ಟೈಟಾನಿಯಂ ಉದ್ಯಮಗಳು ಹಿಗ್ಗಿದ್ದರಲ್ಲಿ ಈ ಖಾತರಿಯ ಪಾಲು ದೊಡ್ಡದು. 1982ರಲ್ಲಿ ಬಂದ ಇನ್ನೊಂದು ಕಾಯ್ದೆ ಸಂಶೋಧನಾ ಬಜೆಟ್ಟಿನ ಒಂದು ಪಾಲನ್ನು ಸಣ್ಣ ಉದ್ಯಮಗಳಿಗೆ ಮೀಸಲಿಟ್ಟಿತು. ಅದರಲ್ಲಿ ಮೂರು ಹಂತ: ಕಲ್ಪನೆಯ ಪರೀಕ್ಷೆಗೆ ಹಣ, ಮಾದರಿ ತಯಾರಿಕೆಗೆ ಹಣ, ಆಮೇಲೆ ಮಾರಾಟ. ಮೂರನೆಯ ಹಂತಕ್ಕೆ ಈ ನಿಧಿಯಿಂದ ಹಣವಿಲ್ಲ, ಕೊಳ್ಳುವವರನ್ನು ಹುಡುಕಿಕೊಳ್ಳಬೇಕು. ಬಹಳ ಮಂದಿ ಉದುರುವುದು ಅಲ್ಲೇ. ಭಾರತದ ಯೋಜನೆಗಳನ್ನು ನೋಡುವಾಗ ಈ ಎರಡು ದಾರಿಗಳ ವ್ಯತ್ಯಾಸ ನೆನಪಿನಲ್ಲಿರಬೇಕು. ಒಂದು ದಾರಿ ಉತ್ಪಾದನಾ ಸಾಮರ್ಥ್ಯಕ್ಕೆ ಹಣ ಹಾಕುತ್ತದೆ, ಇನ್ನೊಂದು ಹೊಸ ಆವಿಷ್ಕಾರಕ್ಕೆ.

ಭಾರತದಲ್ಲಿ ಬಹುಕಾಲ ಇಂಥ ಯೋಚನೆಗೇ ಎಡೆಯಿರಲಿಲ್ಲ. ಶಸ್ತ್ರಾಸ್ತ್ರ ತಯಾರಿಕೆ ಸರ್ಕಾರಿ ಕಾರ್ಖಾನೆಗಳ ಕೆಲಸವಾಗಿತ್ತು. 1940ರಲ್ಲಿ ವಾಲ್‌ಚಂದ್ ಹಿರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮುಂದೆ ಎಚ್‌ಎಎಲ್ ಆಯಿತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, 1964ರಲ್ಲಿ ಬಿಇಎಂಎಲ್ ಬಂದವು. ಈ ಸಂಸ್ಥೆಗಳಿಗೆ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಘಟಕಗಳು ಬೆಂಗಳೂರಿನ ರಾಜಾಜಿನಗರ, ಪೀಣ್ಯಗಳಲ್ಲಿ ಬೆಳೆದವು. ಎಚ್‌ಎಂಟಿ, ಎಚ್‌ಎಎಲ್‌ಗಳಲ್ಲಿ ಕೈ ಪಳಗಿಸಿಕೊಂಡ ಫಿಟ್ಟರ್, ಟರ್ನರ್, ಟೂಲ್‌ಮೇಕರ್‌ಗಳೇ ಮಾಲೀಕರಾದ ಶೆಡ್ಡುಗಳು ಅಲ್ಲಿ ಕಡಿಮೆಯಿರಲಿಲ್ಲ. ಸರ್ಕಾರ ಇವರಿಗೆಂದು ರಕ್ಷಣಾ ನಿಧಿಯನ್ನೇನೂ ಇಟ್ಟಿರಲಿಲ್ಲ. ಎಚ್‌ಎಎಲ್ ಕೊಟ್ಟ ಡ್ರಾಯಿಂಗ್, ಎಚ್‌ಎಎಲ್ ಕೊಟ್ಟ ಲೋಹ, ಎಚ್‌ಎಎಲ್ ಕೊಟ್ಟ ಆರ್ಡರ್. ಇಷ್ಟರಲ್ಲೇ ಒಂದು ತಲೆಮಾರು ಕಲಿತು ಬೆಳೆಯಿತು. ಅನುದಾನಗಳ ಬಗ್ಗೆ ಈಗ ನಡೆಯುವ ಚರ್ಚೆಯಲ್ಲಿ ಯಾರೂ ನೆನೆಯದಿದ್ದರೂ ಬೆಂಗಳೂರಿನ ರಕ್ಷಣಾ ಸರಪಳಿಯ ಬುನಾದಿ ಬಿದ್ದದ್ದು ಈ ನಿಯಮಿತ ಆರ್ಡರುಗಳಿಂದಲೇ.

1998ರ ಪೋಖರಣ್ ಅಣುಪರೀಕ್ಷೆಯ ನಂತರ ಅಮೆರಿಕ ಹೇರಿದ ನಿರ್ಬಂಧಗಳು ಮುಂದೆ ತೇಜಸ್ ಎನಿಸಿಕೊಂಡ ಲಘು ಯುದ್ಧವಿಮಾನದ ಯೋಜನೆಗೆ ನೇರ ಪೆಟ್ಟು ಕೊಟ್ಟವು. ಹಾರಾಟ ನಿಯಂತ್ರಣ ವ್ಯವಸ್ಥೆಗೆ ಅಲ್ಲಿಂದ ಸಿಗುತ್ತಿದ್ದ ನೆರವು ಕಡಿದುಹೋಯಿತು. 2001ರಲ್ಲಿ ರಕ್ಷಣಾ ಉತ್ಪಾದನೆಯ ಬಾಗಿಲು ಖಾಸಗಿ ವಲಯಕ್ಕೆ ತೆರೆಯಿತು. ನಿಜವಾದ ಒತ್ತಡ ಬಂದದ್ದು 2020ರ ಆಗಸ್ಟ್‌ನಲ್ಲಿ. ಇನ್ನು ಮುಂದೆ ಹಂತಹಂತವಾಗಿ ಆಮದು ನಿಲ್ಲಿಸಿ ದೇಶದಲ್ಲೇ ಕೊಳ್ಳಬೇಕಾದ 101 ಬಗೆಯ ಸೇನಾ ಸಲಕರಣೆಗಳ ಪಟ್ಟಿಯನ್ನು ಸರ್ಕಾರ ಆಗ ಪ್ರಕಟಿಸಿತು. 2023ರ ಹೊತ್ತಿಗೆ ಇಂಥ ಐದು ಪಟ್ಟಿಗಳಲ್ಲಿ 509 ವಸ್ತುಗಳು ಸೇರಿದವು. ರಕ್ಷಣಾ ಸಾರ್ವಜನಿಕ ಉದ್ದಿಮೆಗಳು ಆಮದು ಮಾಡುತ್ತಿದ್ದ ಬಿಡಿಭಾಗಗಳಿಗೂ ಪ್ರತ್ಯೇಕ ಪಟ್ಟಿಗಳು ಬಂದವು. 2024ರ ಜುಲೈನಲ್ಲಿ ಐದನೆಯದು ಹೊರಬಿದ್ದಾಗ ಅವುಗಳ ಒಟ್ಟು ಸಂಖ್ಯೆ 5,000 ದಾಟಿತ್ತು. ಸಣ್ಣ ಕಾರ್ಖಾನೆಗಳಿಗೆ ಮುಖ್ಯವಾದದ್ದು ಈ ಎರಡನೆಯ ಬಗೆಯ ಪಟ್ಟಿಯೇ. ಫಿರಂಗಿಯನ್ನೋ ಜಲಾಂತರ್ಗಾಮಿಯನ್ನೋ ಅವರು ಕಟ್ಟಲಾರರು. ಅದರೊಳಗಿನ ವಾಲ್ವ್, ಕನೆಕ್ಟರ್, ಗ್ಯಾಸ್ಕೆಟ್‌ಗಳನ್ನು ಮಾಡಬಲ್ಲರು. ಯಾವ ಸಂಸ್ಥೆಗೆ ಯಾವ ಭಾಗ ಬೇಕೆಂದು ನೋಡಿ ಮುಂದೆ ಬರಲು 2020ರಲ್ಲೇ ಸೃಜನ್ ಎಂಬ ಪೋರ್ಟಲ್ ಕೂಡ ಶುರುವಾಯಿತು.

ಪಟ್ಟಿಯ ಜತೆಗೆ ಹಣವೂ ಬೇಕಿತ್ತು. ಅದಕ್ಕಿರುವ ದಾರಿಗಳಲ್ಲಿ ಹಳೆಯದು ತಂತ್ರಜ್ಞಾನ ಅಭಿವೃದ್ಧಿ ನಿಧಿ. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಇದನ್ನು ನಡೆಸುತ್ತದೆ. ಸೇನೆಗಳಿಗೆ, ಸಾರ್ವಜನಿಕ ಉದ್ದಿಮೆಗಳಿಗೆ ಅಥವಾ ಡಿಆರ್‌ಡಿಒಗೇ ಬೇಕಾದ ಭಾಗವೊಂದನ್ನು ಭಾರತೀಯರ ಒಡೆತನದ ಕಂಪನಿ ಹೊಸದಾಗಿ ರೂಪಿಸಲು ಒಪ್ಪಿದರೆ ವೆಚ್ಚದ ಶೇ 90ರವರೆಗೆ ಅನುದಾನ ಸಿಗುತ್ತದೆ. ಮೊದಲು ಒಂದು ಯೋಜನೆಗೆ 10 ಕೋಟಿ ರೂಪಾಯಿಯ ಮಿತಿ ಇತ್ತು. 2022ರಲ್ಲಿ ಅದನ್ನು 50 ಕೋಟಿಗೆ ಏರಿಸಲಾಯಿತು.

ಹೆಚ್ಚು ಹೆಸರು ಮಾಡಿರುವುದು 2018ರ ಏಪ್ರಿಲ್‌ನಲ್ಲಿ ಚೆನ್ನೈ ರಕ್ಷಣಾ ಮೇಳದಲ್ಲಿ ಉದ್ಘಾಟನೆಯಾದ ಐಡೆಕ್ಸ್. ಇದನ್ನು ನಡೆಸುವ ರಕ್ಷಣಾ ನಾವೀನ್ಯ ಸಂಸ್ಥೆಯನ್ನು ಹುಟ್ಟುಹಾಕಿದವರು ಬೆಂಗಳೂರಿನ ಎಚ್‌ಎಎಲ್ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್. ಸೇನೆ ತನ್ನ ಸಮಸ್ಯೆಯೊಂದನ್ನು ಸವಾಲಿನ ರೂಪದಲ್ಲಿ ಪ್ರಕಟಿಸುತ್ತದೆ. ಸ್ಟಾರ್ಟಪ್‌ಗಳು, ಸಣ್ಣ ಉದ್ಯಮಗಳು, ಕೆಲವೊಮ್ಮೆ ಒಬ್ಬೊಬ್ಬ ಸಂಶೋಧಕರೂ ಪರಿಹಾರ ಹಿಡಿದು ಬರುತ್ತಾರೆ. ಆಯ್ಕೆಯಾದವರಿಗೆ ಮಾದರಿ ತಯಾರಿಸಲು 1.5 ಕೋಟಿ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಸಮಪಾಲು ಅವರದೂ ಇರಬೇಕು. ಹಣ ಒಂದೇ ಗಂಟಾಗಿ ಬರುವುದಿಲ್ಲ. ಕೆಲಸದ ಹಂತ ಮುಗಿದಂತೆಲ್ಲ ಒಂದೊಂದು ಕಂತು ಬಿಡುಗಡೆಯಾಗುತ್ತದೆ. 2022ರಲ್ಲಿ ಬಂದ ಐಡೆಕ್ಸ್ ಪ್ರೈಮ್ ಈ ಮಿತಿಯನ್ನು 10 ಕೋಟಿಗೆ ಕೊಂಡೊಯ್ದಿತು. 2024ರ ಮಾರ್ಚ್‌ನಲ್ಲಿ ಆರಂಭವಾದ, ಒಟ್ಟು 750 ಕೋಟಿ ರೂಪಾಯಿಯ ಅದಿತಿ ಯೋಜನೆ ಅತಿ ಮುಖ್ಯ ತಂತ್ರಜ್ಞಾನಗಳಿಗೆ 25 ಕೋಟಿವರೆಗೂ ಕೊಡುತ್ತದೆ. ಇದಲ್ಲದೆ 2022-23ರ ಬಜೆಟ್‌ನಲ್ಲಿ ರಕ್ಷಣಾ ಸಂಶೋಧನೆಗೆಂದು ಇಟ್ಟ ಹಣದ ಕಾಲುಭಾಗವನ್ನು ಉದ್ಯಮ, ಸ್ಟಾರ್ಟಪ್ ಮತ್ತು ವಿದ್ಯಾಸಂಸ್ಥೆಗಳಿಗೆ ತೆರೆಯುವ ಘೋಷಣೆಯಾಯಿತು. ಸೇನೆಗಳ ಬಂಡವಾಳ ಖರೀದಿಯಲ್ಲಿ ದೇಶೀಯ ಉದ್ಯಮಕ್ಕೆ ಶೇ 68ರ ಮೀಸಲು ಘೋಷಿಸಿದ್ದೂ ಅದೇ ಬಜೆಟ್. ಮರುವರ್ಷ ಅದು ಶೇ 75ಕ್ಕೆ ಏರಿತು.

ಐಡೆಕ್ಸ್‌ನಿಂದ ಫಲ ಬಂದಿಲ್ಲವೆಂದು ಹೇಳುವಂತಿಲ್ಲ. ಬೆಂಗಳೂರಿನ ಕ್ಯೂನು ಲ್ಯಾಬ್ಸ್ ಕ್ವಾಂಟಂ ತಂತ್ರಜ್ಞಾನದಿಂದ ಸಂದೇಶಗಳ ಗುಟ್ಟು ಕಾಯುವ ವ್ಯವಸ್ಥೆಯನ್ನು ಈ ನೆರವಿನಲ್ಲೇ ರೂಪಿಸಿತು. 2022ರಲ್ಲಿ ಭೂಸೇನೆ ಅದರ ಖರೀದಿ ಪ್ರಕ್ರಿಯೆ ಶುರುಮಾಡಿತು. ಉಪಗ್ರಹ ಕಟ್ಟುವ ಬೆಂಗಳೂರಿನ ಪಿಕ್ಸೆಲ್ ಬಳಗಕ್ಕೆ 2024ರಲ್ಲಿ 350ನೆಯ ಐಡೆಕ್ಸ್ ಒಪ್ಪಂದ ಸಿಕ್ಕಿತು. ಆದರೂ ಲೆಕ್ಕವೊಂದನ್ನು ಎದುರಿಗಿಟ್ಟುಕೊಂಡು ನೋಡಬೇಕು. 2025ರ ಫೆಬ್ರುವರಿ ಹೊತ್ತಿಗೆ ಸಹಿಯಾಗಿದ್ದ ಐಡೆಕ್ಸ್ ಒಪ್ಪಂದಗಳು 430. ಖರೀದಿಯ ಮಟ್ಟಕ್ಕೆ ಬಂದ ವಸ್ತುಗಳು 43, ಅವುಗಳ ಮೌಲ್ಯ 2,400 ಕೋಟಿ ರೂಪಾಯಿಗೂ ಹೆಚ್ಚು. ಸಂಶೋಧನೆಯಲ್ಲಿ ಎಲ್ಲವೂ ಗೆಲ್ಲುವುದಿಲ್ಲ, ಹಲವು ಯೋಜನೆಗಳು ಇನ್ನೂ ನಡೆಯುತ್ತಲೇ ಇವೆ ಎಂಬುದನ್ನು ಒಪ್ಪಿದರೂ ಅನುದಾನದಿಂದ ಆರ್ಡರ್‌ವರೆಗಿನ ದಾರಿ ಎಷ್ಟು ಕಿರಿದೆಂದು ಈ ಅಂಕಿಗಳು ತೋರಿಸುತ್ತವೆ. ಐಡೆಕ್ಸ್ ವಸ್ತುಗಳ ಖರೀದಿಗೆ ಎರಡು ವರ್ಷ ಹಿಡಿಯುತ್ತಿದ್ದ ಪ್ರಕ್ರಿಯೆಯನ್ನು ಸುಮಾರು 22 ವಾರಗಳಿಗೆ ಇಳಿಸಲು ಸರ್ಕಾರ 2022ರಲ್ಲೇ ನಿಯಮ ಸಡಿಲಿಸಿದ್ದು ಈ ತೊಡಕನ್ನು ಕಂಡೇ.

ಇನ್ನೂ ಒಂದು ಮಾತಿದೆ. ಸವಾಲು ಎಸೆದು ಪರಿಹಾರ ಪಡೆಯುವ ಈ ಕ್ರಮ ಡ್ರೋನ್, ಸೆನ್ಸರ್, ಸಾಫ್ಟ್‌ವೇರ್, ಕೃತಕ ಬುದ್ಧಿಮತ್ತೆಗಳಿಗೆ ಹೇಳಿ ಮಾಡಿಸಿದಂತಿದೆ. ಟೈಟಾನಿಯಂ ಬ್ರಾಕೆಟ್ಟನ್ನು ಕರಾರುವಾಕ್ಕಾಗಿ ಕಡೆಯುವ ಶೆಡ್ಡಿಗೆ ಇದರಲ್ಲಿ ಜಾಗ ಕಡಿಮೆ. ಆ ಶೆಡ್ಡು ಹೊಸದೇನನ್ನೂ ಕಂಡುಹಿಡಿಯುವುದಿಲ್ಲ. ಗೊತ್ತಿರುವ ಕೆಲಸವನ್ನು ಸಾವಿರ ಸಲ ತಪ್ಪಿಲ್ಲದೆ ಮಾಡುವುದೇ ಅದರ ಹೆಚ್ಚುಗಾರಿಕೆ. ಅದಕ್ಕೆ ಬೇಕಾದದ್ದು ಐದು ಅಕ್ಷದ ಹೊಸ ಯಂತ್ರ, ಅಳತೆಯ ಉಪಕರಣ, ಗುಣಮಟ್ಟದ ಪ್ರಮಾಣಪತ್ರ, ಮೂರು ತಿಂಗಳು ನಡೆಸಿಕೊಂಡು ಹೋಗುವಷ್ಟು ದುಡಿಯುವ ಬಂಡವಾಳ. ಇದು ಸಾಮರ್ಥ್ಯದ ಪ್ರಶ್ನೆ. ಭಾರತದ ರಕ್ಷಣಾ ಅನುದಾನಗಳು ಬಹುಪಾಲು ಆವಿಷ್ಕಾರದ ಕಡೆಗೇ ವಾಲಿವೆ. ಉತ್ಪಾದನೆಗೇ ಪ್ರೋತ್ಸಾಹಧನ ಕೊಟ್ಟ ಉದಾಹರಣೆ ಎಂದರೆ 2021ರ ಡ್ರೋನ್ ಯೋಜನೆ. ಡ್ರೋನ್ ಮತ್ತು ಅದರ ಭಾಗಗಳಿಗೆ ದೇಶದೊಳಗೆ ಕೂಡಿಸಿದ ಮೌಲ್ಯದ ಶೇ 20ರಷ್ಟನ್ನು ಪ್ರೋತ್ಸಾಹಧನವಾಗಿ ಕೊಡಲು ಮೂರು ವರ್ಷಕ್ಕೆ 120 ಕೋಟಿ ರೂಪಾಯಿ ಇಡಲಾಗಿತ್ತು. ಸಣ್ಣ ಕಂಪನಿಗಳು ಅರ್ಹವಾಗಲೆಂದು ಬಿಡಿಭಾಗ ತಯಾರಕರಿಗೆ ವಾರ್ಷಿಕ ವಹಿವಾಟಿನ ಮಿತಿಯನ್ನು 50 ಲಕ್ಷಕ್ಕೆ ಇಳಿಸಲಾಗಿತ್ತು. ಫೋರ್ಜಿಂಗ್, ಕಾಸ್ಟಿಂಗ್, ನಟ್ಟು ಬೋಲ್ಟುಗಳು ಡ್ರೋನಿನಷ್ಟು ಆಕರ್ಷಕವಲ್ಲ. ವೇದಿಕೆಯ ಮೇಲೆ ಅವುಗಳ ಪ್ರಾತ್ಯಕ್ಷಿಕೆ ಕೊಡಲೂ ಬರುವುದಿಲ್ಲ.

ಸಣ್ಣ ಪೂರೈಕೆದಾರರಿಗೆ ಅನುದಾನಕ್ಕಿಂತ ಹೆಚ್ಚಾಗಿ ಬೇಕಾದದ್ದು ಬಿಲ್ಲಿನ ಹಣ ಸಮಯಕ್ಕೆ ಬರುವುದು. ವಿಮಾನಕ್ಕೆ ಬೇಕಾದ ಮಿಶ್ರಲೋಹಗಳಲ್ಲಿ ಹಲವು ವಿದೇಶದಿಂದ ಬರಬೇಕು. ಅಲ್ಲಿನ ಗಿರಣಿಗಳು ಸಣ್ಣ ಪ್ರಮಾಣದಲ್ಲಿ ಮಾರುವುದಿಲ್ಲ. 50 ಕಿಲೋ ಬೇಕಾದವನು ಅದರ ಹಲವು ಪಟ್ಟು ಕೊಂಡು ಉಳಿದದ್ದನ್ನು ಗೋದಾಮಿನಲ್ಲಿಡಬೇಕಾಗುತ್ತದೆ. ಲೋಹಕ್ಕೆ ಮುಂಗಡ, ಕೆಲಸಗಾರರಿಗೆ ತಿಂಗಳ ಸಂಬಳ, ಯಂತ್ರದ ಸಾಲಕ್ಕೆ ಕಂತು, ಜತೆಗೆ ಬ್ಯಾಂಕ್ ಗ್ಯಾರಂಟಿಗೆ ಅಡ ಇಟ್ಟ ಠೇವಣಿ. ಇಷ್ಟೆಲ್ಲ ಹೋದ ಮೇಲೆ ಭಾಗ ತಯಾರಾಗಿ, ತಪಾಸಣೆ ಮುಗಿದು, ಸ್ವೀಕೃತಿ ಸಿಕ್ಕಿ, ಬಿಲ್ ಪಾಸಾಗಿ ಹಣ ಕೈಸೇರಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರರಿಗೆ 45 ದಿನದೊಳಗೆ ಪಾವತಿಯಾಗಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾಗದದ ಮೇಲೆ ಇದಕ್ಕಿಂತ ಗಟ್ಟಿ ರಕ್ಷಣೆ ಬೇಕಿಲ್ಲ. ಆದರೆ ಈ ಲೆಕ್ಕ ಶುರುವಾಗುವುದು ಸರಕು ಸ್ವೀಕಾರವಾದ ದಿನದಿಂದ; ರಕ್ಷಣಾ ಸರಕಿನಲ್ಲಿ ತಪಾಸಣೆಯೇ ವಾರಗಟ್ಟಲೆ ಎಳೆಯಬಹುದು. ಬಡ್ಡಿ ಕೇಳಿ ದೂರು ಕೊಟ್ಟರೆ ಮುಂದಿನ ಆರ್ಡರ್ ಕೈತಪ್ಪೀತೆಂಬ ಅಳುಕು ಬೇರೆ. ಕೊಳ್ಳುವವನು ಒಬ್ಬನೇ ಇರುವ ಮಾರುಕಟ್ಟೆಯಲ್ಲಿ ಈ ಅಳುಕು ಸಹಜ.

ಇದಕ್ಕೆ ಎರಡು ಕಡೆಯಿಂದ ಮದ್ದು ಹುಡುಕುವ ಪ್ರಯತ್ನ ನಡೆದಿದೆ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಟ್ರೆಡ್ಸ್ ವೇದಿಕೆಗಳಲ್ಲಿ ಸಣ್ಣ ಉದ್ಯಮಿ ತನ್ನ ಬಿಲ್ಲನ್ನು ಹರಾಜಿಗಿಟ್ಟು ಬ್ಯಾಂಕಿನಿಂದ ತಕ್ಷಣ ಹಣ ಪಡೆಯಬಹುದು. ಬ್ಯಾಂಕು ಆಮೇಲೆ ಕೊಳ್ಳುವ ಕಂಪನಿಯಿಂದ ವಸೂಲಿ ಮಾಡಿಕೊಳ್ಳುತ್ತದೆ. ಕೇಂದ್ರದ ಎಲ್ಲ ಸಾರ್ವಜನಿಕ ಉದ್ದಿಮೆಗಳೂ ಇದಕ್ಕೆ ನೋಂದಾಯಿಸಬೇಕು. ಖಾಸಗಿ ಕಂಪನಿಗಳಿಗೆ 500 ಕೋಟಿ ರೂಪಾಯಿ ಇದ್ದ ವಹಿವಾಟಿನ ಮಿತಿಯನ್ನು 2024ರಲ್ಲಿ 250 ಕೋಟಿಗೆ ಇಳಿಸಲಾಯಿತು. ಇನ್ನೊಂದು ಕಡೆಯಿಂದ ಆದಾಯ ತೆರಿಗೆ ಕಾನೂನಿಗೆ ತಿದ್ದುಪಡಿ ತಂದು, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಕೊಳ್ಳುವ ಕಂಪನಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲವೆಂದು ವಿಧಿಸಲಾಯಿತು. ಸಾಲದ ಮಟ್ಟಿಗೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಅಡಮಾನವಿಲ್ಲದ ಸಾಲದ ಮೇಲಿನ ಖಾತರಿ ಮಿತಿಯನ್ನು 2025ರ ಬಜೆಟ್ 5 ಕೋಟಿಯಿಂದ 10 ಕೋಟಿಗೆ ಹೆಚ್ಚಿಸಿತು. ಇವು ರಕ್ಷಣೆಗೆಂದೇ ಮಾಡಿದ ಕ್ರಮಗಳಲ್ಲ. ಆದರೂ ಪೀಣ್ಯದ ಶೆಡ್ಡೊಂದರ ಉಳಿವಿನಲ್ಲಿ ಇವುಗಳ ಪಾತ್ರ ಯಾವ ಸವಾಲು ಸ್ಪರ್ಧೆಗಿಂತಲೂ ಹಿರಿದು.

ಸಣ್ಣ ಉದ್ಯಮಗಳ ಮೀಸಲು ಖರೀದಿ ನೀತಿಯದು ಬೇರೆಯೇ ಕಥೆ. ಕೇಂದ್ರ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಶೇ 25ನ್ನು ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದಲೇ ಮಾಡಬೇಕೆಂಬುದು ಈಗಿನ ನಿಯಮ. ಆದರೆ 2012ರ ಮೂಲ ಆದೇಶದಲ್ಲೇ ಶಸ್ತ್ರ ವ್ಯವಸ್ಥೆ, ಕ್ಷಿಪಣಿ ಮುಂತಾದ ರಕ್ಷಣಾ ಸಲಕರಣೆಗಳನ್ನು ಇದರಿಂದ ಹೊರಗಿಡಲಾಗಿದೆ. ಹಾಗಾಗಿ ಎಚ್‌ಎಎಲ್‌ನಂಥ ಸಂಸ್ಥೆಯ ಬಿಡಿಭಾಗದ ಖರೀದಿಗೆ ಈ ಮೀಸಲು ನೆರವಾಗುತ್ತದೆ, ಸೇನೆ ನೇರವಾಗಿ ಕೊಳ್ಳುವ ದೊಡ್ಡ ಶಸ್ತ್ರಾಸ್ತ್ರಗಳಿಗೆ ಅನ್ವಯಿಸುವುದಿಲ್ಲ.

ಗುಣಮಟ್ಟದ ಪರೀಕ್ಷೆಯೂ ಖರ್ಚಿನ ಬಾಬತ್ತೇ. ವಿಮಾನದ ಭಾಗವೊಂದು ಹಾರಾಟಕ್ಕೆ ಯೋಗ್ಯವೆಂದು ಬೆಂಗಳೂರಿನ ಸೆಮಿಲ್ಯಾಕ್ ಸಂಸ್ಥೆ ಪ್ರಮಾಣೀಕರಿಸುವವರೆಗೆ ಅದು ಬರಿಯ ಲೋಹದ ತುಂಡು. ಕಂಪನ, ಉಷ್ಣ, ತೇವ, ವಿದ್ಯುತ್ಕಾಂತೀಯ ಹಸ್ತಕ್ಷೇಪ ಇವುಗಳ ಪರೀಕ್ಷಾಲಯಗಳನ್ನು ಯಾವ ಸಣ್ಣ ಘಟಕವೂ ಸ್ವಂತಕ್ಕೆ ಕಟ್ಟಿಕೊಳ್ಳಲಾರದು. 2020ರಲ್ಲಿ ಶುರುವಾದ 400 ಕೋಟಿ ರೂಪಾಯಿಯ ರಕ್ಷಣಾ ಪರೀಕ್ಷಾ ಮೂಲಸೌಕರ್ಯ ಯೋಜನೆ ಇಂಥ ಸಾಮಾನ್ಯ ಪರೀಕ್ಷಾಲಯಗಳ ವೆಚ್ಚದ ಶೇ 75ನ್ನು ಭರಿಸುತ್ತದೆ. ಉಳಿದದ್ದನ್ನು ಉದ್ಯಮ ಮತ್ತು ರಾಜ್ಯ ಸರ್ಕಾರಗಳು ಹಾಕಬೇಕು. ಮೊದಲ ಆದ್ಯತೆ ಸಿಕ್ಕಿದ್ದು ಉತ್ತರ ಪ್ರದೇಶ ಮತ್ತು ತಮಿಳುನಾಡಿಗೆ. 2018ರ ಬಜೆಟ್‌ನಲ್ಲಿ ಘೋಷಣೆಯಾದ ಎರಡು ರಕ್ಷಣಾ ಕಾರಿಡಾರ್‌ಗಳು ಅಲ್ಲಿವೆ. ಎಚ್‌ಎಎಲ್, ಭಾರತ್ ಎಲೆಕ್ಟ್ರಾನಿಕ್ಸ್, ಬಿಇಎಂಎಲ್‌ಗಳ ತವರಾದ ಕರ್ನಾಟಕ ಈ ನಕ್ಷೆಯಲ್ಲಿಲ್ಲ, ಗಡಿಯಾಚೆಯ ಹೊಸೂರು ಇದೆ. ಕರ್ನಾಟಕ ತನ್ನದೇ ವೈಮಾಂತರಿಕ್ಷ ನೀತಿಯನ್ನು ಮಾಡಿಕೊಂಡು ದೇವನಹಳ್ಳಿಯ ಏರೋಸ್ಪೇಸ್ ಪಾರ್ಕಿಗೆ ನೆಲ ಕೊಟ್ಟಿತು. ಬೆಳಗಾವಿ ಬಳಿಯ ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯ ಖಾಸಗಿ ಬಂಡವಾಳದಿಂದ ಎದ್ದದ್ದು. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಸುತ್ತ ಹೊಸ ಪೂರೈಕೆದಾರರು ಬೆಳೆಯುವುದು, ಅಲ್ಲಿಂದ ಎಷ್ಟು ಹೆಲಿಕಾಪ್ಟರ್‌ಗಳು ಎಷ್ಟು ಕ್ರಮವಾಗಿ ಹೊರಬರುತ್ತವೆ ಎಂಬುದರ ಮೇಲೆ ನಿಂತಿದೆ.

ದೇಶದ ರಕ್ಷಣಾ ಉತ್ಪಾದನೆ 2024-25ರಲ್ಲಿ 1.5 ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಖಾಸಗಿ ವಲಯದ ಪಾಲು ಅದರಲ್ಲಿ ಶೇ 23ರಷ್ಟು. ತೇಜಸ್ಸಿಗೆ 2021ರಲ್ಲಿ 83, 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಗಳ ಗುತ್ತಿಗೆ ಸಿಕ್ಕಿದೆ. ಸಣ್ಣ ಪೂರೈಕೆದಾರನ ದೃಷ್ಟಿಯಿಂದ ಯಾವ ಅನುದಾನಕ್ಕಿಂತಲೂ ದೊಡ್ಡ ಸಹಾಯ ಈ 180 ವಿಮಾನಗಳೇ. ಹತ್ತು ವರ್ಷದ ಕೆಲಸ ಕಣ್ಣೆದುರಿಗಿದ್ದರೆ ಬ್ಯಾಂಕಿನವರು ಸಾಲ ಕೊಡುತ್ತಾರೆ, ಉದ್ಯಮಿ ಯಂತ್ರ ಕೊಳ್ಳುತ್ತಾನೆ, ಐಟಿಐ ಮುಗಿಸಿದ ಹುಡುಗರನ್ನು ತರಬೇತಿಗೆ ಸೇರಿಸಿಕೊಳ್ಳುತ್ತಾನೆ. ಹತ್ತು ಭಾಗ ಮಾಡಿಸಿಕೊಂಡು ಎರಡು ವರ್ಷ ಸುದ್ದಿಯಿಲ್ಲದಿದ್ದರೆ ಅದೇ ಉದ್ಯಮಿ ಕಾರಿನ ಬಿಡಿಭಾಗಗಳ ಕಡೆಗೆ ತಿರುಗುತ್ತಾನೆ. ಅದನ್ನು ತಪ್ಪೆನ್ನಲಾಗದು.

2025ರ ನವೆಂಬರ್ 1ರಿಂದ ಜಾರಿಗೆ ಬಂದ ಹೊಸ ರಕ್ಷಣಾ ಖರೀದಿ ಕೈಪಿಡಿ ಈ ವಿಷಯವನ್ನು ನೇರವಾಗಿ ಕೈಗೆತ್ತಿಕೊಂಡಿದೆ. ದೇಶೀಯವಾಗಿ ಅಭಿವೃದ್ಧಿಪಡಿಸಿದ ವಸ್ತುವಿಗೆ ಐದು ವರ್ಷದವರೆಗೆ ಖರೀದಿಯ ಭರವಸೆ ಕೊಡಲು, ವಿಶೇಷ ಸಂದರ್ಭಗಳಲ್ಲಿ ಅದನ್ನು ಇನ್ನೂ ಐದು ವರ್ಷ ವಿಸ್ತರಿಸಲು ಅದರಲ್ಲಿ ಅವಕಾಶವಿದೆ. ಅಭಿವೃದ್ಧಿಯ ಹಂತದಲ್ಲಿ ತಡವಾದರೆ ದಂಡ ಹಾಕುವುದನ್ನೂ ಕೈಬಿಡಲಾಗಿದೆ. ಈ ಕೈಪಿಡಿ ಅನ್ವಯಿಸುವುದು ಸೇನೆಗಳ ರಾಜಸ್ವ ಖರೀದಿಗೆ, ಅಂದರೆ ಬಿಡಿಭಾಗ, ದುರಸ್ತಿ, ಮದ್ದುಗುಂಡು, ದಿನನಿತ್ಯದ ಸಾಮಗ್ರಿಗೆ. ವಿಮಾನ, ಯುದ್ಧನೌಕೆಗಳ ಬಂಡವಾಳ ಖರೀದಿ ನಡೆಯುವುದು 2020ರ ಪ್ರತ್ಯೇಕ ಕಾರ್ಯವಿಧಾನದಡಿ. ಸುಮಾರು ಒಂದು ಲಕ್ಷ ಕೋಟಿ ರೂಪಾಯಿಯ ಈ ರಾಜಸ್ವ ಖರೀದಿಯಲ್ಲೇ ಸಣ್ಣ ತಯಾರಕರ ಕೈಗೆಟುಕುವ ಕೆಲಸ ಹೆಚ್ಚಿರುವುದರಿಂದ ಭರವಸೆಯ ಅವಕಾಶ ಸರಿಯಾದ ಜಾಗದಲ್ಲೇ ಕೂತಿದೆ. ಅದನ್ನು ಬಳಸುವುದು ಬಿಡುವುದು ಡಿಪೋಗಳಲ್ಲಿ, ಕಮಾಂಡ್ ಕಚೇರಿಗಳಲ್ಲಿ ಕಡತಕ್ಕೆ ಸಹಿ ಹಾಕುವ ಅಧಿಕಾರಿಗಳಿಗೆ ಬಿಟ್ಟದ್ದು. ಅತಿ ಕಡಿಮೆ ದರ ಹೇಳಿದವನಿಗೆ ವರ್ಷವರ್ಷವೂ ಹೊಸ ಟೆಂಡರ್ ಕೊಡುವ ರೂಢಿ ಅವರಿಗಿದೆ. ಒಬ್ಬನೇ ಪೂರೈಕೆದಾರನಿಗೆ ಐದು ವರ್ಷ ಮಾತು ಕೊಟ್ಟರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದೀತೆಂಬ ಎಚ್ಚರಿಕೆಯೂ ಇದೆ.